ಅತ್ತೆಯ ಮೈಪಟ

ಮೇಲಿನ ಬಂಡೆ ಓಣಿ, ಬಾದಾಮಿ
ಅಧಿಕ ಫೆಬ್ರವರಿ, ಹುಣ್ಣಿಮೆಯ ಮರುದಿನ, ೨೨೧೪

ಸಮಸ್ತ ಪೂರ್ವಜರ ಸನ್ನಿಧಾನಕ್ಕೆ ಈ ಮೂಲಕ ಘಂಟಾಘೋಷವಾಗಿ ತಿಳಿಯಪಡಿಸುವುದೇನೆಂದರೆ: ನಮ್ಮ ಅತ್ತೆ ಗುರಸಿದ್ದವ್ವನವರ ಸೊಂಟದ ಮೇಲಿದ್ದ ಲಾಡಿಯ ಗುರುತು, ಅರ್ಧ ಶತಮಾನದ ಅಖಂಡ ಆಳ್ವಿಕೆಯ ನಂತರ, ನಿನ್ನೆ ಮುಂಜಾನೆ ಸಂಪೂರ್ಣವಾಗಿ ಮಾಯವಾಯಿತು. ಈ ಸುದ್ದಿಯನ್ನು ಡಂಗುರ ಹೊಡೆಸಿ ಸಾರಬೇಕೆಂದಿದ್ದೆ. ಡಂಗುರ ಹೊಡೆಯಬೇಕಾದವರು ಅವರ ಮಗ, ಅರ್ಥಾತ್ ನಮ್ಮ ಮನೆಯವರು; ಅವರು ಆಡುಗಳಿಗೆ ತುರ್ತಾಗಿ ನೀರು ಕುಡಿಸುವುದಿದೆ ಎಂದು ಹೊಂಡದ ಕಡೆ ಓಡಿಹೋದದ್ದರಿಂದ ಕಾಗದದಲ್ಲೇ ಸಾರುತ್ತಿದ್ದೇನೆ. ಆಡುಗಳು ಆಗಲೇ ಕುಡಿದು ಬಂದಿದ್ದವು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಮಾರ್ಚಿಗೇ ಬೆಂಕಿ ಬೀಳುತ್ತದೆ ಎಂದು ಜನ ದೂರು ಕೊಟ್ಟು ಕೊಟ್ಟು, ಬೇಸಿಗೆಯನ್ನು ತಡೆಯಲಾರದ ಸರ್ಕಾರ ಮಾರ್ಚನ್ನೇ ತಡೆಯಿತು. ನಿಮ್ಮ ಅಧಿಕ ಮಾಸದ ಮಾದರಿಯಲ್ಲಿ ನಡುವೆ ಒಂದು ಅಧಿಕ ಫೆಬ್ರವರಿ ತುರುಕಿತು. ನನ್ನ ಭಾಷೆಗೂ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಮಣ್ಣಿನಲ್ಲಿ ಸಿಕ್ಕ ಒಂದು ಬಸ್ಸಿನ ತಗಡಿನಿಂದ ಮತ್ತು ವಧುವರರ ಜಾಹೀರಾತಿನ ಒಂದು ಪುಟದಿಂದ. ಆದ್ದರಿಂದ ಒಮ್ಮೊಮ್ಮೆ ತಲೆ ಕೈ ಹೊರಗೆ ಚಾಚಬೇಡಿ ಎಂಬ ಗಡಸಿನಲ್ಲೂ, ಒಮ್ಮೊಮ್ಮೆ ಸುಸಂಸ್ಕೃತ ಮನೆತನದ ನಯದಲ್ಲೂ ಮಾತಾಡಿದರೆ ಅದು ನೀವೇ ಬಿಟ್ಟುಹೋದ ಆಸ್ತಿ ಎಂದು ತಿಳಿಯಿರಿ. ನೀವೇನೋ ಇನ್ನೂ ಬದುಕಿದ್ದೀರಿ, ಚಹಾ ಆರಿಸಿಕೊಂಡು ಕುಡಿಯುತ್ತಿದ್ದೀರಿ. ನಮ್ಮ ಲೆಕ್ಕದಲ್ಲಿ ಮಾತ್ರ ನೀವು ವರ್ಷಕ್ಕೊಮ್ಮೆ ಎಡೆ ಉಣ್ಣುವ ಹಿರಿಯರು. ಹೋದ ಸಲದ ಹೋಳಿಗೆಯಲ್ಲಿ ಬೆಲ್ಲ ಕಡಿಮೆಯಾಗಿದ್ದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಲದಲ್ಲಿ ಬಾದಾಮಿಯ ಜನ ಬಯಲಲ್ಲಿ ಮನೆ ಕಟ್ಟಿಕೊಂಡು, ಬಂಡೆಯಲ್ಲಿ ಕೊರೆದ ಗುಡಿ ನೋಡಲು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರಂತೆ. ನಾವು ಬಿಸಿಲಿಗೆ ಹೆದರಿ ಪಕ್ಕದ ಬಂಡೆಗಳಲ್ಲೇ ಮನೆ ಕೊರೆದುಕೊಂಡಿದ್ದೇವೆ. ಬಯಲು ನೋಡಲು ಇಳಿದು ಏದುಸಿರು ಬಿಡುತ್ತೇವೆ. ಹಗಲೆಲ್ಲ ನಾವು ತೊಡುವುದು ತಂಪಂಗಿ. ಎರಡು ಪದರದ ಬಟ್ಟೆ, ನಡುವೆ ನೀರು ಹರಿಯುತ್ತಿರುತ್ತದೆ, ನೆತ್ತಿಯಿಂದ ಹಿಮ್ಮಡಿಯವರೆಗೆ ಮುಚ್ಚುತ್ತದೆ, ಮುಖಕ್ಕೂ ಮುಸುಕು. ನಮ್ಮ ತಲೆಮಾರಿನ ತಂಪಂಗಿ ಮೈಗೆ ತಾನೇ ಅಂಟಿಕೊಳ್ಳುತ್ತದೆ. ಅತ್ತೆಯವರದು ಹಳೇ ನಮೂನೆ. ನೀರು ತುಂಬಿದರೆ ಕೊಡದ ಭಾರ. ನಡುವಿಗೆ ಹತ್ತಿಯ ಲಾಡಿಯಿಂದ ಬಿಗಿಯದಿದ್ದರೆ ಓಣಿಯ ನಡುವೆ ಜಾರಿ ಮನೆತನದ ಮಾನ ಹೊಂಡ ಸೇರುವುದು. ಹೀಗೆ ಬಿಗಿದು ಬಿಗಿದು ಅವರ ಸೊಂಟದ ಸುತ್ತ ಕಪ್ಪನೆಯ ಒಂದು ಕಾಲುವೆಯೇ ಬಿದ್ದಿತ್ತು. ಇದನ್ನು ಕಳಚುವುದು ಹೊತ್ತು ಮುಳುಗಿ ಬಂಡೆ ತಣಿದ ಮೇಲೆ. ಆಗ ದೀಪ ಹಚ್ಚಿದರೆ ಗುಹೆ ಮತ್ತೆ ಕಾಯುತ್ತದೆಂದು ಯಾರೂ ಹಚ್ಚುವುದಿಲ್ಲ. ಒಟ್ಟಿನಲ್ಲಿ ನಮ್ಮಲ್ಲಿ ಮೈಯೂ ಬೆಳಕೂ ಒಟ್ಟಿಗೆ ಸೇರುವುದು ಅಪರೂಪ. ಅವು ಸೇರುವ ದಿನಕ್ಕೆ ಒಬ್ಬರನ್ನು ನೇಮಿಸಬೇಕಾಯಿತು. ಆ ಒಬ್ಬರು ನಾನು.

ಸ್ವಲ್ಪ ಬಿಡಿಸಿ ಹೇಳಬೇಕು. ಅರವತ್ತಾದವರಿಗೆ ನೀವು ಶಾಂತಿ ಮಾಡಿಸಿ ತಲೆಯ ಮೇಲೆ ನೀರು ಹಾಕುತ್ತಿದ್ದಿರಂತೆ. ನಾವು ತೊಗಲು ಬದಲಾಯಿಸುತ್ತೇವೆ. ಬಿಸಿಲು ತಿಂದ ತೊಗಲು ಹುಣ್ಣಾಗುವ ಮೊದಲು ತೊಗಲಮನೆ ಎಂಬ ಆಸ್ಪತ್ರೆಗೆ ಹೋದರೆ ಅಲ್ಲಿ ಹೊಸದನ್ನು ಬೆಳೆಸಿ ಕಳಿಸುತ್ತಾರೆ. ಬಣ್ಣ ಮಾತ್ರ ಒಂದೇ. ಹಿರಿಯರಿಗೆ ಮೆಚ್ಚುಗೆಯಾದ ಬಣ್ಣ ಯಾವುದೆಂದು ಪಂಡಿತರು ಆ ವಧುವರರ ಪುಟವನ್ನು ಓದಿ, ಊರಿಗೆ ಊರೇ ಗೋಧಿ ಬಣ್ಣವೆಂದು ಬರೆಸಿಕೊಂಡದ್ದನ್ನು ಕಂಡು, ಅದನ್ನೇ ಕಾಯಂ ಮಾಡಿದರು. ಈಗ ಅರವತ್ತು ದಾಟಿದವರೆಲ್ಲ ಒಂದೇ ಚೀಲದ ಗೋಧಿ ಕಾಳು. ಸುಕ್ಕಿಲ್ಲ, ಮಚ್ಚೆಯಿಲ್ಲ, ಮುಖದಲ್ಲಿ ಹಳೆಯ ಜಗಳಗಳ ಪತ್ತೆಯೂ ಇಲ್ಲ. ಒಂದು ಮದುವೆಯಲ್ಲಿ ನನ್ನ ಸೋದರಮಾವ ಊಟ ಮುಗಿಯುವವರೆಗೆ ಬೇರೊಬ್ಬರ ಹೆಂಡತಿಗೆ ಒತ್ತಾಯ ಮಾಡಿ ಬಡಿಸುತ್ತಿದ್ದರು. ಆಕೆಯೂ ಬೇಡ ಅನ್ನಲಿಲ್ಲ.

ಆದ್ದರಿಂದ ಹಳೆಯ ತೊಗಲನ್ನು ಬೀಳ್ಕೊಡುವ ಮುನ್ನ ಒಂದು ಮೈಪಟ ತೆಗೆಸುವುದು ಪದ್ಧತಿ. ತಂಪಂಗಿ, ಮುಸುಕು ಯಾವುದೂ ಇಲ್ಲದೆ, ಹುಟ್ಟಿದ ಹಾಗೆ ಬೆಳಕಿನಲ್ಲಿ ಕುಳಿತು ತೆಗೆಸಿಕೊಳ್ಳುವ ಚಿತ್ರ ಅದು. ಊರಿನ ಬೇರೆ ಕ್ಯಾಮೆರಾಗಳಿಗೆಲ್ಲ ತಿದ್ದುಗಣ್ಣು ಇರುತ್ತದೆ. ಅದು ಇದ್ದುದನ್ನು ಬಿಟ್ಟು ಇರಬೇಕಾದದ್ದನ್ನು ತೆಗೆಯುತ್ತದೆ. ಅದರ ಮರಿ ನಿಮ್ಮ ಕಾಲದಲ್ಲೇ ಕಣ್ಣು ಬಿಟ್ಟಿತ್ತೆಂದು ಕೇಳಿದ್ದೇನೆ. ನನ್ನದು ಮರದ ಪೆಟ್ಟಿಗೆ, ಗಾಜಿನ ತಟ್ಟೆ, ತಟ್ಟೆಗೆ ಬಳಿಯುವ ಬೆಳ್ಳಿಯ ಮದ್ದು. ಈ ಕಸಬಿಗೆ ಕಟ್ಟಳೆಗಳುಂಟು. ಎದುರು ಕುಳಿತವರ ಮೈಯನ್ನು ಚೆನ್ನಾಗಿದೆ ಅನ್ನುವಂತಿಲ್ಲ. ಹೊಗಳಲೇಬೇಕೆಂದರೆ ಬೆಳಕನ್ನು ಹೊಗಳಬೇಕು. ಯಾವುದು ಬೆಳಕಿಗೆ, ಯಾವುದು ನೆರಳಿಗೆ ಎಂದು ಹೇಳುವವರು ಅವರು, ನಾವಲ್ಲ. ಮುಟ್ಟಿ ತಿರುಗಿಸಬಾರದು, ಬಾಯಲ್ಲಿ ಹೇಳಬೇಕು, ಅದೂ ಮಲಗಿದ ಕೂಸಿನ ಪಕ್ಕ ಮಾತಾಡಿದಷ್ಟು ಮೆಲ್ಲಗೆ. ತಟ್ಟೆಯನ್ನು ಕುಳಿತವರಿಗೆ ಬಿಟ್ಟು ಇನ್ನೊಬ್ಬರಿಗೆ ತೋರಿಸಬಾರದು. ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಾರೆ. ಕಡೆಗೆ ಮಣ್ಣು ಮಾಡುವಾಗ ಮಡಿಲಲ್ಲಿ ಇಟ್ಟು ಕಳಿಸುತ್ತೇವೆ. ಹೀಗಾಗಿ ನನ್ನ ಸಮಸ್ತ ಕಲಾಕೃತಿಗಳೂ ನೆಲದಡಿಯಲ್ಲಿವೆ. ವಿಮರ್ಶಕರ ಕಾಟ ಇಲ್ಲ.

ಬೆಳಕಂತೂ ಬಾಡಿಗೆಗೆ ಸಿಗುವ ವಸ್ತುವಲ್ಲ. ಅಧಿಕ ಫೆಬ್ರವರಿಯ ಮುಂಜಾವುಗಳಲ್ಲಿ ಮಾತ್ರ ಸೂರ್ಯ ಕೆಳಗಿನ ಹೊಂಡದ ಮೇಲೆ ಓರೆಯಾಗಿ ಬೀಳುತ್ತಾನೆ. ಬೆಳಕು ನೀರಿನಿಂದ ಪುಟಿದು ನನ್ನ ಗುಹೆಯ ಬಾಯೊಳಗೆ ಬರುತ್ತದೆ, ಕೆಂಪು ಕಲ್ಲಿನ ಮಾಳಿಗೆಗೆ ತಾಗಿ ಕೆಳಗೆ ಇಳಿಯುತ್ತದೆ. ಎರಡು ಸಲ ತೊಳೆದ ಬೆಳಕು ಅದು, ಒಮ್ಮೆ ನೀರಿನಲ್ಲಿ, ಒಮ್ಮೆ ಕಲ್ಲಿನಲ್ಲಿ. ಅದರಲ್ಲಿ ಕುಳಿತವರ ಮೈಯ ಮೇಲೆ ಹೊಂಡದ ಅಲೆಗಳು ಓಡಾಡುತ್ತವೆ. ಭುಜದ ಮೇಲೆ ಹತ್ತಿ, ಹೊಟ್ಟೆಯ ಮಡಿಕೆಗಳಲ್ಲಿ ಇಳಿದು, ಮೊಣಕಾಲಿನ ಮೇಲೆ ಒಂದು ಗಳಿಗೆ ನಿಂತು ಯೋಚಿಸುತ್ತವೆ. ಬಂದವರು ಮೊದಲು ನಾಚಿ ಮುದುಡುತ್ತಾರೆ. ಆಮೇಲೆ ತಮ್ಮದೇ ತೋಳನ್ನು ಯಾರದೋ ಕೂಸು ನೋಡಿದ ಹಾಗೆ ನೋಡತೊಡಗುತ್ತಾರೆ. ಪಕ್ಕದ ಗುಡಿಯಲ್ಲಿ ಬಟ್ಟೆಯ ಗೊಡವೆಯಿಲ್ಲದೆ ನಿಂತ ಕಲ್ಲಿನವರು, ಕಾಲಿಗೆ ಬಳ್ಳಿ ಹಬ್ಬಿದರೂ ಕದಲದವರು, ಈ ಬೆಳಕನ್ನು ತಲೆತಲಾಂತರದಿಂದ ಪುಕ್ಕಟೆ ಉಣ್ಣುತ್ತಿದ್ದಾರೆ. ನಾನು ಹೊಟ್ಟೆಪಾಡಿಗೆ ಅವರ ಎಂಜಲು ಬಡಿಸುವವಳು.

ಈ ಕಸಬಿನ ಬಗ್ಗೆ ಅತ್ತೆಯವರ ಅಭಿಪ್ರಾಯ ಓಣಿಗೆಲ್ಲ ಗೊತ್ತಿತ್ತು. ಸೊಸೆ ಏನು ಮಾಡುತ್ತಾಳೆ ಎಂದು ಕೇಳಿದವರಿಗೆ ಅವರು ಗಾಜಿನ ವ್ಯಾಪಾರ ಎಂದು ಹೇಳುತ್ತಿದ್ದರು. ಇನ್ನು ತೊಗಲಿನ ವಿಚಾರ: ಅರವತ್ತು ದಾಟಿತು, ಎಪ್ಪತ್ತೂ ದಾಟಿತು, ಇದ್ದ ತೊಗಲಿಗೆ ಏನು ಧಾಡಿ ಎಂದು ತೊಗಲಮನೆಯವರೊಂದಿಗೆ ಜಗಳ ತೆಗೆದು ಕಳಿಸಿದ್ದರು. ಈ ಸಲ ಬೆನ್ನಲ್ಲಿ ಬಿಸಿಲುಹುಣ್ಣು ಎದ್ದಿತು. ಇನ್ನು ತಡ ಮಾಡಿದರೆ ಜೀವಕ್ಕೇ ಬರುತ್ತದೆ ಎಂದಾಗ ಒಪ್ಪಿದರು. ಗಾಡಿ ಬರುವ ದಿನವೂ ಗೊತ್ತಾಯಿತು. ಅದಾದ ಮೇಲೆ ಒಂದು ಮುಂಜಾನೆ ಅತ್ತೆ ಮೊರದಲ್ಲಿ ಜೋಳ ಹಿಡಿದು, ಹೀಗೇ ಬಂದವರಂತೆ ನನ್ನ ಗುಹೆಯ ಬಾಗಿಲಲ್ಲಿ ಬಂದು ಕೂತರು. ಗಾಜು ಎಷ್ಟು ದಪ್ಪ, ಮಣ್ಣಿನಲ್ಲಿ ಬಾಳುತ್ತದೆಯೋ ಎಂದು ವಿಚಾರಿಸಿದರು. ಪೆಟ್ಟಿಗೆಯ ಮುಂದೆ ಕೂತವರು ಉಸಿರಾಡಬಹುದೋ ಎಂದೂ ಕೇಳಿದರು. ಕಡೆಗೆ ಜೋಳದೊಳಗಿನ ಹರಳು ಆರಿಸುತ್ತ, ತಲೆ ಎತ್ತದೆ, ಅಸಲು ಮಾತಿಗೆ ಬಂದರು.

“ಈ ಗೋಧಿ ತೊಗಲ ಹಾಕ್ಕೊಂಡು ಮ್ಯಾಲೆ ಹೋದರ ನಿಮ್ಮ ಮಾವ ನನ್ನ ಹೆಂಗ ಗುರುತ ಹಿಡೀಬೇಕ ಮಾನಂದಾ? ಬಾಗಲದಾಗ ನಿಂತು ಯಾರ ಬೇಕಾಗಿತ್ತ್ರಿ ಅಂತ ಕೇಳಿದರ ನಾ ಏನ ತೋರಸ್ಲಿ?”

ಮಾವ ಅಡಿವೆಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ಅವರು ಇನ್ನೂ ಬಾಗಿಲಲ್ಲಿ ನಿಂತು ಕಾಯುತ್ತಿದ್ದಾರೆ ಎಂಬುದರಲ್ಲಿ ಅತ್ತೆಗೆ ಅನುಮಾನವಿರಲಿಲ್ಲ. ಇದ್ದ ಅನುಮಾನವೆಲ್ಲ ಅವರ ನೆನಪಿನ ಶಕ್ತಿಯ ಮೇಲೆ. ಗಾಡಿ ಬರುವುದರೊಳಗೆ ಮಾವ ಗುರುತು ಹಿಡಿಯುವಂಥ ಒಂದು ಪಟ ಆಗಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಬೇರೆ ವಿಷಯವೇ ಇಲ್ಲದಾಯಿತು.

ಮೈಪಟಕ್ಕೆ ಕೂರುವ ಮುನ್ನ ಬಟ್ಟೆಯ ಗುರುತುಗಳೆಲ್ಲ ಮಾಸಬೇಕು. ಇದು ಕಸಬಿನ ಮೊದಲ ಪಾಠ. ಬಿಗಿಬಟ್ಟೆಯ ಗೆರೆ ಮೈಯದಲ್ಲ, ಅಂಗಡಿಯದು. ಅದನ್ನು ಉಳಿಸಿಕೊಂಡು ಕೂತರೆ ಅರ್ಧ ಉಟ್ಟ ಹಾಗೆಯೇ. ಉಳಿದವರಿಗೆ ಒಂದು ಮುಂಜಾನೆ ಸಡಿಲ ಬಟ್ಟೆ ಸಾಕಾಗುತ್ತದೆ. ಅತ್ತೆಯವರ ಕಾಲುವೆಗೆ ದಿನಗಟ್ಟಲೆ ದಿಗ್ಬಂಧನವೇ ಬೇಕಾಯಿತು. ಹೊರಗೆ ಹೋಗುವಂತಿಲ್ಲ, ಲಾಡಿ ಕಟ್ಟುವಂತಿಲ್ಲ, ದೊಗಲೆ ನಿಲುವಂಗಿ, ಹೊತ್ತು ಹೊತ್ತಿಗೆ ಕುಸುಬಿ ಎಣ್ಣೆ. ಅತ್ತೆಗೆ ಇದು ಸೆರೆಮನೆ. ಸೊಂಟ ಬಿಗಿಯದಿದ್ದರೆ ಹೊಟ್ಟೆ ಎಲ್ಲೋ ಹೊರಟುಹೋಗುತ್ತದೆ ಎಂದು ಅವರ ತಕರಾರು. ಬೀಗದ ಕೈ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವವರಂತೆ ಅವರ ಕೈ ಮತ್ತೆ ಮತ್ತೆ ನಡುವಿಗೆ ಹೋಗುತ್ತಿತ್ತು. ಒಮ್ಮೆ ಬೆಳ್ಳುಳ್ಳಿ ಗೊಂಚಲಿನ ದಾರ ಬಿಚ್ಚಿ ಕಟ್ಟಿಕೊಂಡು ಕೂತಿದ್ದರು, ನಾನು ಕಸಿದುಕೊಂಡೆ. ಎದುರು ಗುಹೆಯ ದ್ಯಾಮವ್ವ ಕಾಕು ಸಲಹೆ ಕೊಡಲು ದಿನಾ ಬರುತ್ತಿದ್ದಳು. ಮುಡಿಗೆ ಒಂದು ಹೂವಾದರೂ ಇರಲಿ, ಬರಿಗೈಯಲ್ಲಿ ಹೋದ ಹಾಗಾಗುತ್ತದೆ ಎಂದಳು. ಸ್ವಲ್ಪ ನಗು, ಇಲ್ಲದಿದ್ದರೆ ಅಡಿವೆಪ್ಪ ಜಗಳಕ್ಕೆ ಬಂದಿದ್ದೀಯ ಅಂದುಕೊಂಡಾನು ಎಂದಳು. ಜಗಳಕ್ಕೆ ಬಂದ ಹಾಗೆ ಕಂಡರೇನೇ ನಾನೆಂದು ನಂಬುತ್ತಾರೆ ಎಂದು ಅತ್ತೆ ಆಕೆಯನ್ನು ಸಾಗಹಾಕಿದರು.

ನಿನ್ನೆ ಗಾಡಿ ಬರುವ ದಿನ. ಮುಂಜಾನೆ ಹೊಂಡ ಕನ್ನಡಿಯಾಗಿತ್ತು. ಮನೆಯವರು ಆಡುಗಳೊಂದಿಗೆ ಪರಾರಿಯಾಗಿದ್ದರು. ಅತ್ತೆ ನಿಲುವಂಗಿ ಕಳಚಿ ಕಲ್ಲಿನ ಮೇಲೆ ಕೂತರು, ಬೆಳಕು ಬಂದು ಅವರ ಪಕ್ಕದಲ್ಲಿ ಕೂತಿತು. ಮುಂಗೈ ಮೇಲಿನ ಹಚ್ಚೆ, ತೋಳಿನ ಮೇಲೆ ರೊಟ್ಟಿಯ ಹಂಚು ಬರೆದ ಬರೆಗಳು, ಹೊಟ್ಟೆಯ ಮೇಲೆ ನಮ್ಮ ಮನೆಯವರು ಈ ಲೋಕಕ್ಕೆ 'ಬಂದೆ' ಎಂದು ಬಿಟ್ಟ ಗೀರುಗಳು. ನಡು ಮಾತ್ರ ನುಣ್ಣಗೆ, ಒಂದು ಗೆರೆಯಿಲ್ಲ. ಕಸಬಿನ ಹೆಮ್ಮೆ ತಡೆಯಲಾಗಲಿಲ್ಲ. ಲಾಡಿ ಗುರುತು ಹೋಯಿತೆಂದು, ನಿಮಗೆ ಸಾರಿದಷ್ಟೇ ಗಂಭೀರವಾಗಿ ಅವರಿಗೂ ಸಾರಿದೆ.

ಅತ್ತೆಯ ಕೈ ನಡುವಿಗೆ ಹೋಯಿತು. ಒಂದು ಕಡೆ ಸವರಿದರು, ಇನ್ನೊಂದು ಕಡೆ ಸವರಿದರು. ಕತ್ತಲಲ್ಲಿ ಗೋಡೆ ತಡವುವವರ ಹಾಗೆ ಬೆರಳು ಸುತ್ತಲೂ ಹುಡುಕಿ ಬಂತು. ಚಳಿಯಾಯಿತೇನೋ ಎಂದುಕೊಂಡೆ. ಅವರು ಅಳುತ್ತಿದ್ದರು.

“ಅದನ್ಯಾಕ ಕಳದೆವ್ವಾ? ಮಾತಾಡೂ ಹಂಗ ಇರಲಿಲ್ಲ, ಸುತ್ತಲೂ ಮಂದಿ ಮಲಗಿರತಿದ್ರು. ನಿಮ್ಮ ಮಾವನ ಕೈಬಟ್ಟ ಹಿಡದು ಅದರ ಮ್ಯಾಲ ಇಡತಿದ್ನಿ. ನಾ ಬಂದೇನಿ ಅಂತ ಅಷ್ಟ ಹೇಳೂದು.”

ಪೂರ್ವಜರೇ, ಗಮನಿಸಿ. ಹಚ್ಚೆ ಮಾವನಿಗೆ ಗೊತ್ತಿಲ್ಲ, ಅದು ಹಗಲಿನಲ್ಲಿ ಬಟ್ಟೆಯೊಳಗೆ. ಬರೆಗಳು ಗೊತ್ತಿಲ್ಲ. ಮುಖವೂ ಅರೆಬರೆ, ಮುಸುಕಿನ ಸಂದಿಯಿಂದ ಕಂಡಷ್ಟು. ಮೂರು ಸಂಸಾರ ಒಟ್ಟಿಗೆ ಮಲಗುವ ಗುಹೆಯ ಕತ್ತಲಲ್ಲಿ ಅವರಿಗೆ ಹೆಂಡತಿ ಎಂದರೆ ಬೆರಳಿನ ತುದಿಗೆ ಸಿಗುವ ಆ ಒಂದು ಕಾಲುವೆ. ಅದನ್ನು ನಾನು, ಪರಿಣತೆ, ಕುಸುಬಿ ಎಣ್ಣೆ ಹಾಕಿ ತಿಕ್ಕಿ ತಿಕ್ಕಿ ಮುಚ್ಚಿದ್ದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ಇಂಥದ್ದನ್ನು ಸೊಸೆಯ ಮುಂದೆ ಹೇಳುವುದು ಹೇಗೆ ಎಂದು ನನಗೇ ಗದರಿದರು. ಅದೂ ಅಲ್ಲದೆ, ಇದ್ದುದನ್ನು ಇದ್ದ ಹಾಗೆ ತೆಗೆಯುವ ಪೆಟ್ಟಿಗೆ ಎಂದು ಇಷ್ಟು ವರ್ಷ ಜಂಬ ಕೊಚ್ಚಿದ್ದು ನಾನೇ. ಮೇಲೆ ಮಾಸಿದರೂ ಒಳಗಿನದು ಅದಕ್ಕೆ ಕಂಡೇ ಕಾಣುತ್ತದೆ ಎಂದು ಅವರು ನಂಬಿದ್ದರು.

ಮುಂದಿನದೆಲ್ಲ ಓಟ. ಸೂರ್ಯ ಕೋಟೆಯ ಬಂಡೆ ಏರಿದರೆ ನೀರಿನ ಬೆಳಕು ಮುಗಿಯಿತು, ಸಂಜೆ ಗಾಡಿ ಬಂದರೆ ತೊಗಲೇ ಮುಗಿಯಿತು. ಗೂಟದ ಮೇಲಿದ್ದ ಹಳೆಯ ಲಾಡಿ ತಂದೆ. ಮುಟ್ಟಬಾರದೆಂಬ ಕಟ್ಟಳೆಯನ್ನು ಹೊಂಡಕ್ಕೆ ಎಸೆದು, ಬಂಡಿಗೆ ಹೇರು ಕಟ್ಟುವವಳ ಹಾಗೆ ಜಗ್ಗಿ ಕಟ್ಟಿದೆ. ಇಷ್ಟು ಸಾಲದು, ಗಂಡನನ್ನು ಬೈಯುವಾಗ ಇರುವ ಕಸುವು ಈಗ ಎಲ್ಲಿ ಹೋಯಿತು ಎಂದು ಅತ್ತೆ ಕೆಣಕಿದರು. ಇನ್ನೊಮ್ಮೆ ಜಗ್ಗಿದೆ. ಲಾಡಿ ಕಡಿಯಿತು.

ಇಡೀ ಓಣಿಯಲ್ಲಿ ಇನ್ನೊಂದು ಹತ್ತಿಯ ಲಾಡಿ ಇಲ್ಲ. ಎಲ್ಲರದೂ ಅಂಟುವ ತಂಪಂಗಿ. ನಾನು ಗುಹೆಯ ಬಾಯಲ್ಲಿ ನಿಂತು ಕೂಗಿದೆ. ಮನೆಯವರು ಆಡಿನ ಕೊರಳ ಹಗ್ಗ ಬಿಚ್ಚಿಕೊಂಡು ಓಡಿ ಬಂದರು. ಒಳಗೆ ತಾಯಿ ಇದ್ದ ಸ್ಥಿತಿ ನೆನಪಾಗಿ ಹಿಂದುಮುಂದಾಗಿ ತಿರುಗಿ, ಕಣ್ಣು ಮುಚ್ಚಿ, ಬೆನ್ನಿನ ಕಡೆಯಿಂದ ಮೆಟ್ಟಿಲು ಹತ್ತಿದರು, ಬಾಗಿಲ ಕಲ್ಲಿಗೆ ತಲೆ ಬಡಿಸಿಕೊಂಡರು. ಪುಂಡಿ ನಾರಿನ ಒರಟು ಹಗ್ಗ. ಅತ್ತೆ ಅದನ್ನು ಒಂದು ಸಲ ನೋಡಿ, ಇದರ ಗುರುತು ಕಂಡರೆ ಮಾವ ಆಡು ಬಂತೆಂದು ತಿಳಿದು ಮೇವು ತರಲು ಹೋದಾರು ಎಂದರು. ಹಗ್ಗ ಬಂದ ದಾರಿಯಲ್ಲೇ ಹಿಂದೆ ಹೋಯಿತು. ಕಡೆಗೆ ಕಡಿದ ಲಾಡಿಯ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕಿದೆ. ಗಂಟು ಎಡಗಡೆಯ ನಡುವಿನ ಮೇಲೆ ಬಂತು. ಈ ಸಲ ಅತ್ತೆ ತಾವೇ ಬಿಗಿದುಕೊಂಡರು, ಉಸಿರು ಒಳಗೆಳೆದು, ಕಣ್ಣು ಮುಚ್ಚಿ.

ಕಾಯುತ್ತ ಕೂತೆವು. ಮಾಳಿಗೆಯ ಮೇಲಿನ ಅಲೆಗಳು ಒಂದೊಂದಾಗಿ ಬಾಗಿಲ ಕಡೆ ಸರಿಯುತ್ತಿದ್ದವು, ಸಂತೆ ಮುಗಿದ ಮೇಲೆ ಜನ ಹೊರಟ ಹಾಗೆ. ಕಡೆಯ ನಾಲ್ಕಾರು ಉಳಿದಿದ್ದಾಗ ಅತ್ತೆ ಗಂಟು ಬಿಚ್ಚಿದರು. ಗೆರೆ ಎದ್ದಿತ್ತು. ಹಳೆಯ ಕಪ್ಪು ಇದ್ದ ಜಾಗದಲ್ಲಿ ಹೊಸ ಕೆಂಪು, ಒಂದು ಕಡೆ ಗಂಟಿನ ಅಚ್ಚು, ಹುಣಸೆ ಬೀಜದಷ್ಟು. ಅವರು ನನ್ನ ಅಪ್ಪಣೆ ಕಾಯಲಿಲ್ಲ. ಪಕ್ಕಕ್ಕೆ ಹೊರಳಿ ಕೂತು, ತೋಳನ್ನು ಸ್ವಲ್ಪ ಎತ್ತಿ, ನಡುವನ್ನು ಬೆಳಕಿಗೆ ಕೊಟ್ಟರು, ಮುಖವನ್ನು ನೆರಳಿಗೆ. ಇಷ್ಟು ವರ್ಷದಲ್ಲಿ ಯಾರೂ ನನ್ನೆದುರು ಹಾಗೆ ಕೂತಿಲ್ಲ. ಕಲ್ಲಿನವರೂ ಕೂತಿಲ್ಲ. ಬೆಳಕು ಕ್ಷೀಣವಾಗಿದ್ದರಿಂದ ಪೆಟ್ಟಿಗೆಯ ಬಾಯನ್ನು ಬಹಳ ಹೊತ್ತು ತೆರೆದಿಡಬೇಕಾಯಿತು. ಆ ಹೊತ್ತೆಲ್ಲ ಅವರು ಅಲುಗಲಿಲ್ಲ. ಯಾರೋ ಬೆರಳು ತಂದು ಅಲ್ಲಿಡುವವರೆಗೆ ತಡೆದು ನಿಂತವರ ಹಾಗಿದ್ದರು. ಬೆಳಕು ಚೆನ್ನಾಗಿದೆ ಅನ್ನಬೇಕಿತ್ತು. ಅದನ್ನು ಬಿಟ್ಟು ಪೆಟ್ಟಿಗೆಯ ಬಾಯಿ ಮುಚ್ಚಿದೆ.

ಮದ್ದಿನ ನೀರಿನಲ್ಲಿ ಪಟ ಮೂಡಿತು. ಮುಖ ಮಬ್ಬು. ಗೆರೆ ಮಾತ್ರ ಬಯಲಿನಲ್ಲಿ ದೂರದಿಂದ ಕಾಣುವ ಹೊಳೆಯ ಹಾಗೆ ಸ್ಪಷ್ಟ. ಅತ್ತೆ ಬಗ್ಗಿ ನೋಡಿದರು. ಗಂಟಿನ ಅಚ್ಚಿನ ಮೇಲೆ ಅವರ ಕಣ್ಣು ನಿಂತಿತು. ಕೆಟ್ಟಿತೆಂದು ನಾನು ತಲೆ ತಗ್ಗಿಸಿದೆ.

“ಈ ಗಂಟ ಅವರಿಗೆ ಗೊತ್ತಿಲ್ಲ,” ಎಂದರು. ಆಮೇಲೆ, “ಇರ್ಲಿ ಬಿಡ. ಕೇಳಿದರ, ಇದು ಸೊಸಿ ಹಾಕಿದ್ದು ಅಂತೀನಿ.”

ಸಂಜೆ ಗಾಡಿ ಬಂತು. ತಟ್ಟೆಯನ್ನು ಸೆರಗಿನ ತುಂಡಿನಲ್ಲಿ ಸುತ್ತಿ, ನಾನು ಜೋಪಾನ ಮಾಡುತ್ತೇನೆ ಎಂದರೂ ಕೊಡದೆ, ಮಡಿಲಲ್ಲಿಟ್ಟುಕೊಂಡೇ ಹೋದರು. ಕೆಲವು ದಿನಗಳಲ್ಲಿ ಗೋಧಿ ಬಣ್ಣದ ಒಬ್ಬ ಹೆಂಗಸು ಇಳಿದು ಬಂದು ನನ್ನ ಅಡುಗೆಗೆ ಹೆಸರಿಡುತ್ತಾಳೆ. ನಾವು ಗುರುತು ಹಿಡಿಯುವುದು ಕಷ್ಟವಾಗಲಾರದು.

ಕಷ್ಟ ನನ್ನದು. ಈ ಹೊತ್ತು ಮನೆಯವರು ಆಡು ಬಿಡುವ ಮುಂಚೆ ಬಾಗಿಲಲ್ಲಿ ನಿಂತು, ತಲೆಯ ಹಿಂದಿನ ಬುಗುಟು ಸವರಿಕೊಳ್ಳುತ್ತ, ನೆಲ ನೋಡುತ್ತ, ನಿನಗೂ ಅಂಥದ್ದೇನಾದರೂ ಉಂಟೇ ಎಂದು ಕೇಳಿದರು. ನಾನು ನಡು ಸವರಿ ನೋಡಿಕೊಂಡೆ. ಅಂಟುವ ತಂಪಂಗಿ ಮೈಮೇಲೆ ಏನನ್ನೂ ಬರೆಯುವುದಿಲ್ಲ. ಹೊಂಡದ ದಂಡೆಯ ಕಲ್ಲಿನಷ್ಟು ನುಣ್ಣಗಿದ್ದೇನೆ. ಅರವತ್ತಕ್ಕೆ ಇನ್ನು ಹೆಚ್ಚು ದೂರವಿಲ್ಲ. ಕಸಬಿನವಳ ಪಟವನ್ನು ಯಾರಾದರೂ ತೆಗೆದಾರು, ಆದರೆ ಅದರಲ್ಲಿ ಇವರ ಬೆರಳಿಗೆ ಸಿಗುವಂಥದ್ದು ಒಂದೂ ಇರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಸಣ್ಣ ಉಪಕಾರ. ನಿಮ್ಮ ಕಾಲದಲ್ಲಿ ಬಿಳಿಯ ಹತ್ತಿಯ ಲಾಡಿ ಯಾವ ಅಂಗಡಿಯಲ್ಲೂ ಸಿಗುತ್ತದಂತೆ. ಒಂದನ್ನು ತಂದು ಎತ್ತಿಡಿ. ನೈಲಾನಿನದು ಬೇಡ, ಜಾರುತ್ತದೆ. ಎಲಾಸ್ಟಿಕ್ ಬೇಡ, ಅದು ಹಲ್ಲಿನ ಗುರುತು ಮೂಡಿಸುತ್ತದೆ. ಉದ್ದ ಎಷ್ಟೆಂದು ಬರೆದು ಮರ್ಯಾದೆ ಕಳೆದುಕೊಳ್ಳಲಾರೆ, ಧಾರಾಳವಾಗಿ ಕತ್ತರಿಸಿ. ಪೋಣಿಸಲು ಒಂದು ಪಿನ್ನು ಜೊತೆಗಿಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟರೆ ಸಾಕು. ಅಟ್ಟಕ್ಕೆ ಏರಿಸಿದ್ದನ್ನು ನಿಮ್ಮ ಕಾಲದವರು ಯಾರೂ ಮತ್ತೆ ಇಳಿಸಿದ ಪುರಾವೆ ನಮಗೆ ಈವರೆಗೆ ಸಿಕ್ಕಿಲ್ಲ. ಮುಚ್ಚಳದ ಮೇಲೆ ನನ್ನ ಹೆಸರು, ಮಹಾನಂದಾ, ಮೇಲಿನ ಬಂಡೆ ಓಣಿ, ಬಾದಾಮಿ ಎಂದು ಬರೆಯಿರಿ. ಎಳೆ ಬಿಡದ ಹಾಗೆ ಎರಡೂ ತುದಿ ಕಟ್ಟಿಡಿ. ಗುರುತು ಬೀಳಲು ವರ್ಷಗಳು ಹಿಡಿಯುತ್ತವೆ, ದಯಮಾಡಿ ಈ ವಾರವೇ ಇಡಿ.